ಮೈಯ ಭಾರ ಎಲ್ಲಿ ನಿಂತಿದೆ

ಮನುಷ್ಯಾಕೃತಿಗಳನ್ನು ವಾಸ್ತವ ಶೈಲಿಯಲ್ಲಿ, ಎಣ್ಣೆಬಣ್ಣದಲ್ಲಿ ಚಿತ್ರಿಸುವ ನಾನು ಆರಂಭದ ವರ್ಷಗಳಲ್ಲಿ ಪ್ರತಿ ಚಿತ್ರವನ್ನೂ ಮುಖದಿಂದಲೇ ಶುರುಮಾಡುತ್ತಿದ್ದೆ. ಕಣ್ಣು, ಮೂಗು, ತುಟಿಗಳ ಹೋಲಿಕೆ ಸರಿಯಾಗಿಯೇ ಬರುತ್ತಿತ್ತು. ಆದರೆ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದಾಗ ಆ ಆಕೃತಿ ನೆಲದ ಮೇಲೆ ನಿಂತಂತೆ ಕಾಣದೆ, ಗೂಟಕ್ಕೆ ತೂಗುಹಾಕಿದ ಬಟ್ಟೆಯಂತೆ ಜೋತಾಡುತ್ತಿತ್ತು.

ಈಗ ನಾನು ಮೊದಲು ಹುಡುಕುವುದು ಮೈಯ ಭಾರವನ್ನು. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತಾಗ ಆ ಬದಿಯ ಸೊಂಟ ಮೇಲೇರುತ್ತದೆ, ಅದೇ ಬದಿಯ ಹೆಗಲು ಸಾಮಾನ್ಯವಾಗಿ ಇಳಿಯುತ್ತದೆ. ಎದುರಿನಿಂದ ನೋಡಿದರೆ, ಕೊರಳ ಕುಳಿಯಿಂದ ನೇರವಾಗಿ ಇಳಿಸಿದ ಗೆರೆ ಭಾರ ಹೊತ್ತ ಪಾದದ ಗಂಟಿನ ಹತ್ತಿರಕ್ಕೆ ಬರುತ್ತದೆ. ದಾರಕ್ಕೊಂದು ತೂಕ ಕಟ್ಟಿ ಕಣ್ಣೆದುರು ಇಳಿಬಿಟ್ಟು ಇದನ್ನು ಪರೀಕ್ಷಿಸುತ್ತೇನೆ.

ನನ್ನ ರೂಪದರ್ಶಿಗಳು 20 ನಿಮಿಷ ನಿಂತು 5 ನಿಮಿಷ ವಿರಮಿಸುತ್ತಾರೆ. ಅಲುಗದೆ ನಿಲ್ಲುವುದು ಚಿತ್ರಿಸುವುದಕ್ಕಿಂತ ಹಗುರವಾದ ಕೆಲಸವೆಂದು ನಾನೆಂದೂ ಭಾವಿಸಿಲ್ಲ. ಮೊದಲ ಸರದಿಯಲ್ಲಿ ಬಿಗಿಯಾಗಿದ್ದ ಮೈ ಕ್ರಮೇಣ ಸಡಿಲಗೊಂಡು ಸೊಂಟದ ಮೇಲೆ ಕುಳಿತುಕೊಳ್ಳುತ್ತದೆ. ವಾರಗಟ್ಟಲೆ ಮರಳಿ ಪಡೆಯಬಹುದಾದ ನಿಲುವು ಅದೇ ಆದ್ದರಿಂದ, ಅಲ್ಲಿಯವರೆಗೆ ತೆಳುವಾದ ಗುರುತುಗಳಿಗಿಂತ ಹೆಚ್ಚೇನನ್ನೂ ನಾನು ಹಾಕುವುದಿಲ್ಲ. ಇದು ತಿಳಿಯದ ಕಾಲದಲ್ಲಿ ಒಂದು ಚಿತ್ರದ ಮುಂಡಭಾಗವನ್ನು ನಾಲ್ಕು ಬಾರಿ ಕೆರೆದು ತೆಗೆದಿದ್ದೇನೆ. ಸೀಮೆಸುಣ್ಣದಿಂದ ಪಾದಗಳ ಸುತ್ತ ಗುರುತು ಮಾಡುವುದು ಆಮೇಲೆ ರೂಢಿಯಾಯಿತು.

ಚರ್ಮದ ಬಣ್ಣವೆಂಬ ಒಂದೇ ಬಣ್ಣವಿಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿರುವ ನಾಲ್ಕು ಬಣ್ಣಗಳನ್ನಷ್ಟೇ, ಅಂದರೆ ಬಿಳಿ, ಹಳದಿ ಓಕರ್, ವರ್ಮಿಲಿಯನ್ ಕೆಂಪು ಮತ್ತು ಐವರಿ ಕಪ್ಪನ್ನು ಇಟ್ಟುಕೊಂಡು ಅಭ್ಯಾಸ ಮಾಡಿದಾಗ ಇದು ನನಗೆ ಮನದಟ್ಟಾಯಿತು. ಕಪ್ಪು ಮತ್ತು ಬಿಳಿ ಬೆರೆತ ಬೂದು, ಕೆಂಪು ಛಾಯೆಯ ಪಕ್ಕದಲ್ಲಿ ನೀಲಿಯಂತೆ ತೋರುತ್ತದೆ. ಕೆಳದವಡೆಯ ತಣ್ಣನೆಯ, ಅಂದರೆ ನೀಲಿಯತ್ತ ವಾಲುವ ಛಾಯೆಯ, ಭಾಗಕ್ಕೂ ಮಣಿಕಟ್ಟಿನ ನರಗಳಿಗೂ ಬಹಳ ಸಲ ನನಗೆ ಬೇರೆ ನೀಲಿಯೇ ಬೇಕಾಗಿಲ್ಲ. ನೆರಳಿನ ಭಾಗಗಳನ್ನು ತೆಳುವಾಗಿ ಮೊದಲೇ ಹಾಕಿ, ಬೆಳಕಿನ ಭಾಗಗಳನ್ನು ದಪ್ಪ ಬಣ್ಣದಿಂದ ಕಟ್ಟುತ್ತೇನೆ. ಎಣ್ಣೆಬಣ್ಣ ನೀರಿನಂತೆ ಆವಿಯಾಗಿ ಅಲ್ಲ, ಗಾಳಿಯ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುವುದರಿಂದ, ಅಡಿಯ ಪದರದಲ್ಲಿ ಎಣ್ಣೆಯನ್ನು ಕಡಿಮೆ ಮಾಡಿ ಮೇಲಿನ ಪದರಗಳಲ್ಲಿ ಹೆಚ್ಚಿಸುತ್ತೇನೆ; ಹಾಗೆ ಮಾಡದಿದ್ದರೆ ಮುಂದೆ ಬಿರುಕು ಬಿಡುವ ಸಂಭವವಿರುತ್ತದೆ.

ಮುಖವನ್ನು ನಾನೀಗ ಕೊನೆಗೆ ಎತ್ತಿಕೊಳ್ಳುತ್ತೇನೆ. ಅಷ್ಟರಲ್ಲಿ ಕತ್ತಿನ ಓರೆಯಲ್ಲಿ, ಹೆಗಲಿನ ಇಳುಕಲಿನಲ್ಲಿ ಆ ವ್ಯಕ್ತಿಯ ಗುರುತು ಆಗಲೇ ಸಿಕ್ಕಿರುವುದರಿಂದ, ಅಲ್ಲಿ ಮಾಡಬೇಕಾದ ಕೆಲಸ ಹಲವು ಸಲ ನಿರೀಕ್ಷಿಸಿದ್ದಕ್ಕಿಂತ ಕಡಿಮೆ ಉಳಿದಿರುತ್ತದೆ.