ಹಬ್ಬ ಮಾಡೋ ದಿನ ಬೇರೆ, ಹಬ್ಬದ ಕೆಲ್ಸದ ದಿನ ಬೇರೆ ಕಣ್ರೇ

ಪೇಟೇಲಿರೋ ನೀವು ಹಬ್ಬದ ಹಿಂದಿನ ರಾತ್ರಿ ಹನ್ನೊಂದಕ್ಕೆ ಕಾರಿಂದ ಇಳಿಯದು, ಬೆಳಿಗ್ಗೆ ಬಿಸಿಲು ಅಂಗಳ ತುಂಬಿದ ಮೇಲೆ ಏಳದು, ಮಕ್ಕಳಿಗೆ ಚುಚ್ಚೋ ಜರಿ ಡ್ರೆಸ್ ತುರುಕಿ ರಂಗೋಲಿ ಪಕ್ಕ ನಿಲ್ಸಿ ಫೋಟೋ ಹೊಡೆಯದು, ಸಂಜೆ ಹೊತ್ತಿಗೆ ಅವು ಅತ್ತು ಕರೆದು ಮೊಬೈಲ್ ಕೇಳಿದ್ರೆ "ಈಗಿನ ಮಕ್ಕಳಿಗೆ ಹಬ್ಬ ಅಂದ್ರೆ ಇಂಟ್ರೆಸ್ಟೇ ಇಲ್ಲ ಅತ್ತೆ" ಅಂತ ನನ್ ಹತ್ರ ಹೇಳದು. ಇಂಟ್ರೆಸ್ಟ್ ಎಲ್ಲಿಂದ ಬರ್ಬೇಕು ಮಾರಾಯ್ತಿ? ಮಗು ಕೈಗೆ ಒಂದು ಕೆಲ್ಸ ಕೊಟ್ಟಿದ್ಯಾ? ಎಲ್ಲಾ ತಯಾರಾದ ಮೇಲೆ ಕರ್ಕೊಂಡು ಬಂದು ಕೂರ್ಸಿದ್ರೆ ಅದು ನೆಂಟರ ಮನೆ ಮದ್ವೇಲಿ ಕೂತಂಗೆ ಕೂತಿರತ್ತೆ, ಊಟ ಯಾವಾಗ ಅಂತ.

ಇಬ್ರೂ ಆಫೀಸಿಗೆ ಹೋಗೋರು, ರಜೆ ಸಿಗಲ್ಲ, ಶನಿವಾರ ಮಕ್ಕಳಿಗೆ ಅದೆಂತದೋ ಕ್ಲಾಸು, ಎಲ್ಲಾ ಗೊತ್ತು ನಂಗೆ. ಅದಕ್ಕೇ ಹೇಳದು ಕ್ಯಾಲೆಂಡರ್ ಸರಿಯಾಗಿ ನೋಡಿ ಅಂತ. ವಿಜಯದಶಮಿಯಿಂದ ದೀಪಾವಳಿ ಅಮಾಸೆಗೆ ಸುಮಾರು 20 ದಿನ ಇರತ್ತೆ, ಮಧ್ಯದಲ್ಲಿ ಭೂಮಿ ಹುಣ್ಣಿಮೆ. 2025ರಲ್ಲಿ ದಶಮಿ ಅಕ್ಟೋಬರ್ 2ಕ್ಕೆ ಬಂದಿತ್ತು, ನರಕ ಚತುರ್ದಶಿ 20ಕ್ಕೆ, ಬಲಿಪಾಡ್ಯಮಿ 22ಕ್ಕೆ, ಆ ಮಧ್ಯ ಮೂರು ಶನಿವಾರ-ಭಾನುವಾರ ಇತ್ತು. ಪೂಜೆ ದಿನ ನಮ್ಮಿಷ್ಟಕ್ಕೆ ಹಿಂದೆ ಮುಂದೆ ಮಾಡಕ್ಕಾಗಲ್ಲ, ಹುಣ್ಣಿಮೆ ಮಂಗಳವಾರ ಬಂದ್ರೆ ಮಂಗಳವಾರವೇ. ಆದ್ರೆ ಕೆಲ್ಸ ಭಾನುವಾರಕ್ಕೆ ತಂದ್ಕೊಬಹುದು. ಒಂದು ವಾರಕ್ಕೆ ಒಂದೇ ಕೆಲ್ಸ, ಅರ್ಧ ದಿನದ್ದು. ಮತ್ತೆ ಯಾವ ಮಗೂಗೆ ಯಾವ ಕೆಲ್ಸ ಅಂತ ಒಂದ್ಸಲ ಹೇಳಿದ್ ಮೇಲೆ ವರ್ಷ ವರ್ಷ ಅದೇ ಇರ್ಲಿ, ಬದ್ಲಾಯಿಸ್ಬೇಡಿ. ನಮ್ಮನೇಲಿ ಕಡುಬಿನ ಎಲೆ ಒರೆಸದು ದೊಡ್ಡ ಮೊಮ್ಮಗಳ ಕೆಲ್ಸ, ಚಿಕ್ಕೋನು ಮುಟ್ಟಿದ್ರೆ ಜಗಳಕ್ಕೇ ಹೋಗ್ತಾಳೆ. ಜಗಳ ಆಡ್ಲಿ ಬಿಡಿ, ಹಬ್ಬ ಅವಳದ್ದು ಅಂತ ಆಯ್ತಲ್ಲ.

ದಸರಾ ಕಳೆದ ಮೊದಲ್ನೇ ವಾರ ಭೂಮಿ ಹುಣ್ಣಿಮೆ ಕೆಲ್ಸ. ಗದ್ದೇಲಿ ಭತ್ತ ಹೊಡೆ ತುಂಬೋ ಕಾಲ ಅದು, ಭೂಮ್ತಾಯಿ ಬಸುರಿ ಅಂತ ನಾವು ಬಯಕೆ ಊಟ ಹಾಕದು. ನಮ್ಮ ಮಲೆನಾಡಿನ ಸಾಗರ ಸೊರಬದ ಕಡೆ ದೀವರ ಸಮುದಾಯದ ಮನೆಗಳಲ್ಲಿ ಆ ಊಟ ಗದ್ದೆಗೆ ಹೊರಕ್ಕೆ ಭೂಮಣ್ಣಿ ಬುಟ್ಟಿ ಅಂತ ಇರತ್ತೆ, ದೊಡ್ಡದೊಂದು ಚಿಕ್ಕದೊಂದು, ಬಿದಿರು ಬುಟ್ಟಿಗೆ ಸಗಣಿ ಸಾರ್ಸಿ ಒಣಗ್ಸಿ ಕೆಮ್ಮಣ್ಣು ಬಳಿದು ಅದರ ಮೇಲೆ ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಪುಂಡಿ ನಾರಿನ ಕುಂಚದಿಂದ ಚಿತ್ತಾರ ಬರೆಯದು. ಮಕ್ಕಳಿಗೆ ಬುಟ್ಟಿ ಕೊಡಕ್ಕೆ ಧೈರ್ಯ ಇಲ್ದಿದ್ರೆ ಒಂದು ಹಳೇ ಮೊರಕ್ಕೋ ಹೆಂಚಿಗೋ ಕೆಮ್ಮಣ್ಣು ಬಳಿದು ಕೊಡಿ, ಅಂಗಡಿ ಪೇಂಟ್ ಮಾತ್ರ ಕೊಡ್ಬೇಡಿ. ಅಕ್ಕಿ ಹಿಟ್ಟು ಹಸಿ ಇದ್ದಾಗ ಕಾಣದೇ ಇಲ್ಲ, ಒಣಗಿದ್ ಮೇಲೆ ಬಿಳಿ ಏಳದು. ಮಕ್ಕಳು ಕಾಣ್ತಿಲ್ಲ ಕಾಣ್ತಿಲ್ಲ ಅಂತ ಅಲ್ಲೇ ಮೆತ್ತಿ ಮೆತ್ತಿ ಗೆರೆ ಎಲ್ಲಾ ಬದು ಮಾಡಿಡ್ತಾವೆ, ಒಂದು ಗೆರೆ ಎಳೆದು ಕಾಯಿ ಅಂತ ಮೊದ್ಲೇ ಹೇಳ್ಬೇಕು.

ಈಗ ಸೌತೆಕಾಯಿ ಕಡುಬಿಗೆ ಬರ್ತೀನಿ, ನಾನು ಬರೆಯಕ್ಕೆ ಕೂತಿದ್ದೇ ಇದಕ್ಕೆ. ನೈವೇದ್ಯಕ್ಕೆ ಹುಣ್ಣಿಮೆ ದಿನ ನಾನು ಬೇರೆ ಮಾಡ್ಕೊಳ್ತೀನಿ, ಮಕ್ಕಳ ಜೊತೆ ಮಾಡದು ಭಾನುವಾರ. ನಮ್ಮ ಹುಡುಗೀರು ಮಾಡೋ ಕಡುಬು ನೋಡಿದ್ರೆ ಅಳು ಬರತ್ತೆ, ಒಂದೋ ಕಲ್ಲು, ಇಲ್ಲಾ ಪಾಯಸ. ಎಂತಕ್ಕೆ ಅಂದ್ರೆ ನೀರು ಹಾಕ್ತಾವೆ. ಸೌತೆಕಾಯಿ ಕಡುಬಿಗೆ ನಲ್ಲಿ ನೀರು ಒಂದು ತೊಟ್ಟೂ ಹಾಕ್ಬಾರ್ದು ಕಣ್ರೇ, ಒಂದು ತೊಟ್ಟೂ.

ಕಾಯಿ ಬೆಳೆದು ಸಿಪ್ಪೆ ಹಳದಿ ತಿರುಗಿರೋ ಮುಳ್ಳುಸೌತೆ ಆಗ್ಬೇಕು, ಬೇಲಿ ಮೇಲೆ ಮರೆತು ಬಿಟ್ಟಿರ್ತೀವಲ್ಲ ಅದು, ಸಾಲಡ್‌ಗೆ ತರೋ ಉದ್ದುದ್ದದ್ದು ಆಗಲ್ಲ. ತೊಟ್ಟಿನ ಕಡೆ ಒಂದು ಚೂರು ಕಚ್ಚಿ ನೋಡಿ, ಕಹಿ ಇದ್ರೆ ದನಕ್ಕೂ ಹಾಕ್ಬೇಡಿ. ಸಿಪ್ಪೆ ತೆಗೆದು ತಿರುಳು ಬೀಜ ಬೇರೆ ಮಾಡಿ ತುರೀರಿ. ಬೀಜ ಎಸೀಬೇಡಿ, ಸಣ್ಣ ಮಗು ಕೈಲಿ ತೊಳೆಸಿ ಒಲೆ ಬೂದಿ ಹಚ್ಚಿ ಒಣಗಿಸ್ರಿ, ಮುಂದಿನ ಮಳೆಗಾಲಕ್ಕೆ ಅದೇ ಬಿತ್ತದು. ಅರ್ಧ ಗಂಟೆ ಅದರ ಬಾಯಿ ಮುಚ್ಚಿರತ್ತೆ ಅದೊಂದು ಲಾಭ.

ತುರಿದಿದ್ದಕ್ಕೆ ಮೊದ್ಲು ಬೆಲ್ಲ, ಚಿಟಿಕೆಗಿಂತ ಚೂರು ಜಾಸ್ತಿ ಉಪ್ಪು, ಇವೆರಡೇ ಹಾಕಿ ಕಲಸಿ ಮುಚ್ಚಿಡಿ. ಅಕ್ಕಿ ತರಿ ಈಗ್ಲೇ ಹಾಕ್ಬೇಡಿ. ಸ್ವಲ್ಪ ಹೊತ್ತು ಬಿಟ್ಟು ಮುಚ್ಚಳ ತೆಗೆದ್ರೆ ಸೌತೆಕಾಯಿ ತನ್ನ ನೀರು ತಾನೇ ಬಿಟ್ಕೊಂಡು ತುರಿ ಮುಳುಗೋ ಅಷ್ಟು ರಸ ಆಗಿರತ್ತೆ. ಆ ರಸಕ್ಕೆ ಅಕ್ಕಿ ತರಿ ಹಾಕದು, ಒಂದೇ ಸಲ ಸುರೀದೆ ಮುಷ್ಟಿ ಮುಷ್ಟಿ ಉದುರಿಸ್ತಾ, ಕೈಯಾಡ್ಸಿದ್ರೆ ಬೆರಳ ಸಂದೀಲಿ ನಿಧಾನಕ್ಕೆ ಜಾರ್ಬೇಕು, ಅಲ್ಲಿಗೆ ನಿಲ್ಲಿಸ್ರಿ. ಗಟ್ಟಿ ಅನ್ನಿಸೋ ಅಷ್ಟು ಹಾಕಿದ್ರಿ ಅಂದ್ರೆ ತರಿ ಇನ್ನೂ ಉಬ್ಬಿ ಕಲ್ಲಾಗತ್ತೆ. ಪಾಕದಂಗಿರೋ ಜೋನಿ ಬೆಲ್ಲ ಹಾಕಿದ್ರೆ ತರಿ ಒಂದು ಮುಷ್ಟಿ ಜಾಸ್ತಿ ಹಿಡೀತದೆ. ತರಿ ಅಂದ್ರೆ ಅಕ್ಕಿ ತೊಳೆದು ಬಟ್ಟೆ ಮೇಲೆ ನೆರಳಲ್ಲಿ ಹರವಿ, ಮುಷ್ಟಿ ಹಿಡಿದು ಬಿಟ್ರೆ ಕೈಗೆ ಅಂಟಬಾರ್ದು ಅಷ್ಟು ಆರಿಸಿ, ಮಿಕ್ಸೀಲಿ ಒಂದೆರಡು ಸುತ್ತು ತಿರುಗ್ಸಿ ಜರಡಿ ಹಿಡಿದಿದ್ದು. ಇಡ್ಲಿ ರವೆ ಆಗಲ್ವಾ ಅತ್ತೆ ಅಂತ ಪ್ರತೀ ವರ್ಷ ಕೇಳ್ತಾರೆ. ಆಗತ್ತೆ, ಹೊಟ್ಟೆ ತುಂಬತ್ತೆ.

ತರಿ ರಸ ಕುಡಿಯಕ್ಕೆ ಹೊತ್ತು ಬೇಕು, ಅಷ್ಟರಲ್ಲಿ ನಾನು ಕಂಬಳಿ ರಜಾಯಿ ಹೊರಗೆ ಹಾಕಿರ್ತೀನಿ. ಮಳೆಗಾಲ ಪೂರ್ತಿ ಅಟ್ಟದಲ್ಲಿ ಕೂತು ಮುಗ್ಗಲು ಹಿಡಿದಿರ್ತಾವೆ, ಹಸ್ತ ಮಳೆ ಹೋಗಿ ಚಿತ್ತೆ ಮಳೆ ನಡುವೆ ಸಿಗೋ ಬಿಸಿಲು ಬಿಡ್ಬಾರ್ದು. ಅದನ್ನೂ ನೋಡಿದ್ದೀನಿ, ಬಿಸಿಲಿಂದ ತಂದ್ರು, ಬಿಸಿಬಿಸಿ ಇದ್ದಂಗೇ ಮಡಚಿ ಬೀರುಗೆ ತುರುಕಿದ್ರು, ವಾರಕ್ಕೆ ಮತ್ತೆ ವಾಸನೆ. ಒಳಗೆ ತಂದು ಹರವಿ ತಣ್ಣಗಾದ ಮೇಲೆ ಮಡಚದು ಅಂತ ಯಾರೂ ಹೇಳ್ಕೊಟ್ಟಿಲ್ವಾ?

ಇರ್ಲಿ. ಎಲೆ. ಅರಿಶಿನ ಎಲೆನೇ ಬೇಕು, ಬಾಳೆ ಎಲೆ ಅಂದ್ರೆ ಅದು ಸಿಗದಾಗಿನ ಉಪಾಯ ಅಷ್ಟೇ. ಈ ಕಾಲಕ್ಕೆ ಗಿಡದ ಎಲೆ ಅಗಲವಾಗಿ ಬಂದಿರತ್ತೆ, ಇನ್ನೊಂದು ತಿಂಗಳು ಬಿಟ್ರೆ ಹಳದಿ ಆಗಿ ಬೀಳಕ್ಕೆ ಶುರು. ತೀರಾ ಎಳೇದೂ ಬೇಡ, ಬುಡದ ಒರಟು ಎಲೆನೂ ಬೇಡ, ನಡುವಿಂದು ಕೊಯ್ಕೊಂಡು ಬನ್ನಿ. ಮಗೂಗೆ ಒದ್ದೆ ಬಟ್ಟೆ ಕೊಟ್ಟು ಒರೆಸಕ್ಕೆ ಹೇಳ್ವಾಗ ತೊಟ್ಟಿನ ಕಡೆಯಿಂದ ತುದಿಗೆ ಒರೆಸ್ಬೇಕು ಅಂತ ಕೈ ಹಿಡಿದು ತೋರಿಸ್ರಿ. ನರ ಎಲ್ಲಾ ಆ ಕಡೆಗೇ ಓಡಿರತ್ತೆ, ತುದಿಯಿಂದ ಹಿಂದಕ್ಕೆ ಎಳೆದ್ರೆ ಎಲೆ ಸೀಳತ್ತೆ, ಸೀಳಿದ್ ಎಲೇಲಿ ಕಡುಬು ನಿಲ್ಲಲ್ಲ. ಬಾಳೆ ಎಲೆ ಬಾಡಿಸ್ದಂಗೆ ಇದನ್ನ ಬೆಂಕಿಗೆ ಹಿಡೀಬೇಡಿ, ಪರಿಮಳ ಎಲ್ಲಾ ಅಲ್ಲೇ ಹೋಯ್ತು. ಹಿಂದುಗಡೆ ನಡುದಂಟು ದಪ್ಪ ಇದ್ರೆ ಚಾಕೂಲಿ ಚೂರು ಕೆತ್ತಿದ್ರೆ ಮಡಚುವಾಗ ಪಟ್ ಅಂತ ಮುರಿಯಲ್ಲ.

ಕಾಯಿತುರಿ ಏಲಕ್ಕಿ ಕೊನೇಲಿ ಹಾಕಿ. ಒಂದು ಚೂರು ನಾಲಿಗೆಗೆ ಇಟ್ರೆ ಸಿಹಿ ಸ್ವಲ್ಪ ಜಾಸ್ತಿ ಆಯ್ತೇನೋ ಅನ್ನಿಸ್ಬೇಕು, ಬೆಂದಾಗ ಇಳಿಯತ್ತೆ. ಎಲೆ ನಡುವೆ ಅಂಗೈ ಅಗಲ ಇಟ್ಟು, ಕೈ ಒದ್ದೆ ಮಾಡಿ ತಟ್ಟಿ, ತುದಿ ಒಂದು ಕಡೆಯಿಂದ ತೊಟ್ಟು ಒಂದು ಕಡೆಯಿಂದ ಮಡಚಿ, ಮಡಚಿದ್ದು ಅಡಿಗೆ ಬರೋ ಹಾಗೆ ಇಡ್ಲಿ ಪಾತ್ರೇಲಿ ಇಡದು, ದಾರ ಗೀರ ಎಂತೂ ಬೇಡ. ನಂದೊಂದು ಹಠ ಇದೆ, ಕತ್ತರಿಸಿದ ತೊಟ್ಟು, ಕೆತ್ತಿದ ದಂಟು, ಹರಿದ ಎಲೆ ಒಂದೂ ಎಸೆಯಲ್ಲ, ಎಲ್ಲಾ ಜಜ್ಜಿ ಪಾತ್ರೆ ತಳದ ನೀರಿಗೆ ಹಾಕ್ತೀನಿ. ಮೇಲೆ ಬರೋ ಹಬೆನೇ ಅರಿಶಿನ ಎಲೆ ಹಬೆ ಆಗತ್ತೆ, ಕಡುಬು ಅಡಿಯಿಂದಲೂ ಪರಿಮಳ ಕುಡಿಯತ್ತೆ. ಮುಚ್ಚಳದ ಒಳಗೆ ಒಂದು ತೆಳು ಬಟ್ಟೆ ಕಟ್ಟಿ, ಇಲ್ದಿದ್ರೆ ಹಬೆ ನೀರು ತೊಟ್ಟಿಕ್ಕಿ ಮೇಲಿನ ಸಾಲು ಕೊಚ್ಚೆ. ಸಣ್ಣ ಬೆಂಕಿ ಬೇಡ, ನೀರು ಕುದಿತಾನೇ ಇರ್ಬೇಕು. ಎಷ್ಟೊತ್ತು ಅಂದ್ರೆ ಜಗಲೀಲಿ ಕೂತೋರು "ಕಡುಬು ಆಯ್ತಾ" ಅಂತ ಕೇಳೋವರೆಗೆ, ಆಮೇಲೆ ಇನ್ನೊಂದು ಸ್ವಲ್ಪ ಹೊತ್ತು. ಇಳಿಸಿದ ತಕ್ಷಣ ಎಲೆ ಬಿಡಿಸ್ಬೇಡಿ, ಅರ್ಧ ಕಡುಬು ಎಲೆಗೇ ಹೋಗತ್ತೆ. ಉಗುರು ಬೆಚ್ಚಗೆ ಆದ್ಮೇಲೆ ಬಿಡಿಸಿದ್ರೆ ಎಲೆ ನರದ ಅಚ್ಚು ಸಮೇತ ಕಡುಬು ಮೇಲೆದ್ದು ಬರತ್ತೆ, ಮೇಲೆ ತುಪ್ಪ.

ನಮ್ಮತ್ತೆ ಇದ್ದಾಗ ಹುಣ್ಣಿಮೆ ಹಿಂದಿನ ರಾತ್ರಿ ಮಲಗ್ತಾನೇ ಇರ್ಲಿಲ್ಲ. ಒಂದು ಕಡೆ ಕಡುಬು, ಇನ್ನೊಂದು ಒಲೇಲಿ ಹಚ್ಚಂಬಲಿ ಬೇಯ್ತಾ ಇರೋದು, ನೂರೊಂದು ಕುಡಿ ಸೊಪ್ಪು ಅಂತ ಲೆಕ್ಕ, ಹರಿವೆ ಕೆಸು ಕುಂಬಳ ಕುಡಿ ಅಮಟೆಕಾಯಿ ಎಲ್ಲಾ ಅದಕ್ಕೆ. ಬೆಳಕು ಹರಿಯೋ ಮೊದ್ಲು ಗಂಡಸರು ಅದನ್ನ ಗದ್ದೆಗೆ ಬೀರ್ತಾ ಕೂಗು ಹಾಕ್ಕೊಂಡು ಹೋಗೋರು, ನಮ್ಮ ಕೂಗಿಗೆ ಆ ಕಡೆ ಗದ್ದೆಯಿಂದ ಕೂಗು ಬರೋದು. ನನ್ನ ಮಗ ಸಣ್ಣೋನಿದ್ದಾಗ ಆ ಕೂಗು ಕೇಳಕ್ಕೆ ಅಂತ್ಲೇ ಕಂಬಳಿ ಹೊದ್ದು ಜಗಲೀಲಿ ಕಾಯ್ಕೊಂಡು ಕೂರ್ತಿದ್ದ. ಈಗ ಅವನ ಮಕ್ಕಳನ್ನ ಏಳ್ಸು ಅಂದ್ರೆ "ನಿದ್ದೆ ಕೆಡತ್ತೆ ಅಮ್ಮ" ಅಂತಾನೆ. ಒಂದಿನ ಕೆಟ್ರೆ ಎಂತಾಗತ್ತೆ?

ಎರಡನೇ ವಾರ ಹಣತೆ ಬತ್ತಿ. ಹೊಸ ಮಣ್ಣಿನ ಹಣತೆ ರಾತ್ರಿ ಪೂರ್ತಿ ನೀರಲ್ಲಿ ನೆನೆಸಿ ಒಣಗ್ಸಿ, ಇಲ್ದಿದ್ರೆ ಎಣ್ಣೆ ಎಲ್ಲಾ ಅದೇ ಕುಡಿಯತ್ತೆ. ಹೊಸೆಯಕ್ಕೆ ಬರದ ಮಕ್ಕಳ ಅಂಗೈಗೆ ಒಂಚೂರು ವಿಭೂತಿ ಹಚ್ಚಿ, ಹತ್ತಿ ಜಾರಲ್ಲ. ಸೊಟ್ಟ ಬತ್ತಿನೂ ಉರಿಯತ್ತೆ, ನೀವು ಕಸ್ಕೊಂಡು ಸರಿ ಮಾಡಕ್ಕೆ ಹೋಗ್ಬೇಡಿ.

ಮೂರನೇದು ಹಂಡೆ. ನೀರು ತುಂಬೋ ಹಬ್ಬದ ಸಂಜೆಗೆ ಮುಂಚೆ ಹುಣಸೆಹಣ್ಣು ಉಪ್ಪು ಹಾಕಿ ತಿಕ್ಕಿ, ಕೆಮ್ಮಣ್ಣು ಜೇಡಿ ಪಟ್ಟೆ ಎಳೆದು, ಹಂಡೆ ಕುತ್ತಿಗೆಗೆ ಹಿಂಡಲಕಾಯಿ ಅನ್ನೋ ಕಾಡುಕಾಯಿ ಬಳ್ಳಿ ಸುತ್ತದು. ಬಳ್ಳಿ ಹುಡ್ಕಕ್ಕೆ ಮಕ್ಕಳನ್ನ ಬೇಲಿ ಸಾಲಲ್ಲಿ ಕಳ್ಸಿ, ಜೊತೆಗೆ ದೊಡ್ಡೋರು ಒಬ್ರು ಇರ್ಲಿ, ಆ ಕಾಯಿ ಬಾಯಿಗೆ ಹಾಕ್ಬಾರ್ದು. ಬೆಂಗಳೂರಲ್ಲಿ ಹಂಡೆ ಎಲ್ಲಿ ಅಂತೀರಿ, ಬಕೆಟ್‌ಗೇ ಸುತ್ತಿ, ಯಾರು ಬೇಡ ಅಂದ್ರು. ಮಗೂಗೆ ಎಣ್ಣೆ ನೀರು ಹಾಕುವಾಗ ಮಾತ್ರ ಅವಸರ ಮಾಡ್ಬೇಡಿ. ನೀರು ಬಿಸಿ ನೋಡಕ್ಕೆ ಬೆರಳದ್ದಿದ್ರೆ ಸಾಲದು, ಮೊಣಕೈ ಅದ್ದಿ ನೋಡ್ಬೇಕು, ನಮ್ಮ ಬೆರಳು ಒಲೆ ಹತ್ರ ಇದ್ದು ಇದ್ದು ಮರಗಟ್ಟಿರ್ತಾವೆ. ಸೀಗೆಪುಡಿ ಗಂಜಿ ತಿಳೀಲಿ ಕಲಸಿ, ಕಣ್ಣಿಗೆ ಒದ್ದೆ ಬಟ್ಟೆ ಮಡಚಿ ಅದರ ಕೈಲೇ ಒತ್ತಿ ಹಿಡ್ಸಿ. ಒಂದ್ಸಲ ಕಣ್ಣು ಉರಿದ್ರೆ ಮುಂದಿನ ವರ್ಷ ಬಚ್ಚಲ ಹತ್ರನೂ ಬರಲ್ಲ. ಆವತ್ತು ರಾತ್ರಿ ಅಂಗಳದ ಕುಂಡ, ಬೇಲಿ ಮೇಲಿನ ಕಾಯಿ ಒಳಗೆ ತಂದಿಡಿ, ಹಬ್ಬದ ಹುಡುಗಾಟಕ್ಕೆ ಕದಿಯೋ ಬೂರೆ ಕಳ್ಳತನಕ್ಕೆ ಹುಡುಗರು ಬರ್ತಾವೆ, ಬೆಳಿಗ್ಗೆ ಪೊಲೀಸ್ ಗಿಲೀಸ್ ಅಂತ ಗಲಾಟೆ ಮಾಡಿ ನಮ್ಮ ಮರ್ಯಾದೆ ತೆಗೀಬೇಡಿ, ಅದು ಪದ್ಧತಿ.

ಪಾಡ್ಯದ ದಿನ ಅಕ್ಕಿ ಅಳೆಯೋ ಸಿದ್ದೆ ಜೇಡಿಮಣ್ಣಲ್ಲಿ ಅದ್ದಿ ದನದ ಮೈಗೆ ಅಚ್ಚು ಒತ್ತದು, ಅಡಿಕೆ ಸರ ಹಾಕದು ಎಲ್ಲಾ ಮಕ್ಕಳೇ ಮಾಡ್ಲಿ, ಸಾಧು ದನದ ಹತ್ರ ಮಾತ್ರ. ರಾತ್ರಿ ಅಂಟಿಗೆ ಪಂಟಿಗೆಯೋರು ದೀಪ ತಗೊಂಡು ಹಾಡ್ಕೊಂಡು ಬರೋ ಹೊತ್ತಿಗೆ ಮಕ್ಕಳು ಎಚ್ಚರ ಇರ್ಬೇಕು ಅಂದ್ರೆ ಮಧ್ಯಾಹ್ನ ಬೈದಾದ್ರೂ ಮಲಗ್ಸಿ. ದೀಪಕ್ಕೆ ಎಣ್ಣೆ ಹಾಕಕ್ಕೆ ಸಣ್ಣ ಗಿಂಡಿ ಮೊದ್ಲೇ ತುಂಬಿಟ್ಟು ಮಗು ಕೈಗೇ ಕೊಡಿ, ಚೆಲ್ಲಿದ್ರೆ ಒರೆಸಿದ್ರಾಯ್ತು.

ವಾಪಸ್ ಹೊರಡುವಾಗ ಕಡುಬು ಕೊಟ್ಟು ಕಳಿಸ್ತೀನಲ್ಲ, ಅದನ್ನ ಎಲೆ ಬಿಚ್ಚದೆ ಡಬ್ಬಿಗೆ ಹಾಕಿ, ಬಿಸಿ ಇದ್ದಾಗ ಮುಚ್ಚಳ ಬಿಗೀಬೇಡಿ. ಮಾರನೇ ದಿನಕ್ಕೆ ಮೈಕ್ರೋವೇವ್‌ಗೆ ಇಟ್ರೆ ಗಟ್ಟಿ ಆಗಿ ಮಕ್ಕಳು ಉಗೀತಾವೆ, ಆಮೇಲೆ ಅಜ್ಜಿ ಕಡುಬು ಚೆನ್ನಾಗಿಲ್ಲ ಅಂತ ಹೆಸರು ನಂಗೆ. ಎಲೆ ಸಮೇತ ಮತ್ತೊಂದ್ಸಲ ಹಬೇಲಿಡಿ, ಇಲ್ಲಾ ಬಿಲ್ಲೆ ಕತ್ತರಿಸಿ ಕಾವಲಿ ಮೇಲೆ ತುಪ್ಪದಲ್ಲಿ ಎರಡೂ ಕಡೆ ಕೆಂಪಗೆ ಸುಟ್ಟು ಟಿಫಿನ್‌ಗೆ ಹಾಕಿ. ಎಲೆ ಒಂದೆರಡು ಜಾಸ್ತಿನೇ ಇಟ್ಟಿರ್ತೀನಿ, ಡಬ್ಬಿ ತಳದಲ್ಲಿ ನೋಡ್ಕೊಳಿ.