ಅಮೆರಿಕದ ಡಿವಿಡಿಗೆ ನಮ್ಮ ಮನೆಯ ಹಳೆಯ ಟಿವಿಯಲ್ಲಿ ಬಣ್ಣ ಬಂದದ್ದು

2006ರ ದೀಪಾವಳಿಗೆ ನಾನು ಶಿವಮೊಗ್ಗದ ಮನೆಗೆ ಹೋಗುವ ಹೊತ್ತಿಗೆ, ಕ್ಯಾಲಿಫೋರ್ನಿಯಾದಲ್ಲಿರುವ ತಂಗಿ ಕಳಿಸಿದ ಡಿವಿಡಿಯೊಂದು ಅಮ್ಮನ ಕೈ ಸೇರಿತ್ತು. ತಂಗಿಯ ಮಗಳ ಭರತನಾಟ್ಯ ರಂಗಪ್ರವೇಶವನ್ನು ಅಲ್ಲಿಯ ಪರಿಚಯದವರೊಬ್ಬರು ಕ್ಯಾಮ್‌ಕಾರ್ಡರಿನಲ್ಲಿ ಚಿತ್ರೀಕರಿಸಿ, ಕಂಪ್ಯೂಟರಿನಲ್ಲಿ ಡಿಸ್ಕಿಗೆ ಬರೆದು ಕೊಟ್ಟಿದ್ದರು. ನೃತ್ಯದ ಉಡುಪು ಹೊಲಿಸುವುದಕ್ಕೆಂದು ಅಮ್ಮ ಮೊಳಕಾಲ್ಮೂರಿನ ರೇಷ್ಮೆ ಸೀರೆಯೊಂದನ್ನು ತಾವೇ ಆರಿಸಿ ಕಳಿಸಿದ್ದರಿಂದ, ಆ ಬಣ್ಣ ವೇದಿಕೆಯ ಬೆಳಕಿನಲ್ಲಿ ಹೇಗೆ ಕಂಡಿತು ಎಂಬುದೇ ಅವರ ಮೊದಲ ಕುತೂಹಲವಾಗಿತ್ತು. ಟಿವಿಯಲ್ಲಿ ಮಾತ್ರ ಮೊಮ್ಮಗಳು ಕಪ್ಪು-ಬಿಳುಪಿನಲ್ಲಿ ಕುಣಿಯುತ್ತಿದ್ದಳು. “ಗಿಣಿಹಸಿರು ಸೀರೆ ಕಳಿಸಿದ್ದೆ ಕಣೋ, ಇಲ್ಲಿ ನೋಡಿದ್ರೆ ಬೂದಿ ಬಳಿದ ಹಾಗಿದೆ. ನೀನು ಮಕ್ಕಳಿಗೆ ಇದೇ ಅಲ್ವಾ ಪಾಠ ಹೇಳೋದು?” ಎಂದು ಅಮ್ಮ ಕೇಳಿದಾಗ, ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುವ ನನಗೆ ಸುಮ್ಮನೆ ಕೂರುವುದು ಸಾಧ್ಯವಿರಲಿಲ್ಲ.

ಟಿವಿ 1993ರಲ್ಲಿ ಕೊಂಡದ್ದು. 21 ಇಂಚಿನ ಪಿಕ್ಚರ್ ಟ್ಯೂಬು, ಹಿಂಬದಿಯಲ್ಲಿ ಚಿತ್ರಕ್ಕೊಂದು ಹಳದಿ ತೂತು, ಧ್ವನಿಗೊಂದು ಬಿಳಿ ತೂತು, ಅಷ್ಟೇ. ಡಿವಿಡಿ ಪ್ಲೇಯರು ಎರಡು-ಮೂರು ವರ್ಷ ಹಳೆಯದಾದರೂ ಹೆಸರಾಂತ ಕಂಪನಿಯದು. ಮನೆಯಲ್ಲಿದ್ದ ಕನ್ನಡ ಚಲನಚಿತ್ರದ ಡಿಸ್ಕುಗಳೆಲ್ಲ ಅದರಲ್ಲಿ ಬಣ್ಣದಲ್ಲೇ ಕಾಣುತ್ತಿದ್ದವು. ಅಪ್ಪ ಅಷ್ಟರಲ್ಲಿ ಡಿಸ್ಕನ್ನು ಪೇಟೆಯ ಅಂಗಡಿಯೊಂದಕ್ಕೆ ತೋರಿಸಿಕೊಂಡು ಬಂದಿದ್ದರು. ಅಲ್ಲಿಯವರು “ಇದು ರೀಜನ್ ಕೋಡಿನ ತೊಂದರೆ ಸರ್, ಅಮೆರಿಕದ್ದು ಇಲ್ಲಿ ಓಡಲ್ಲ” ಎಂದು ಹೇಳಿ ಕಳಿಸಿದ್ದರಂತೆ. ಈ ಮಾತನ್ನು ನಾನು ಆಮೇಲೆಯೂ ಹಲವರ ಬಾಯಲ್ಲಿ ಕೇಳಿದ್ದೇನೆ, ಆದ್ದರಿಂದ ಮೊದಲು ಅದನ್ನೇ ಬಿಡಿಸಿ ಹೇಳುತ್ತೇನೆ. ರೀಜನ್ ಕೋಡ್ ಎಂಬುದು ಚಲನಚಿತ್ರ ಕಂಪನಿಗಳು ಮಾರಾಟದ ಡಿಸ್ಕುಗಳಿಗೆ ಹಾಕಿಕೊಂಡ ಬೀಗ. ಅಮೆರಿಕಕ್ಕೆ 1, ಭಾರತಕ್ಕೆ 5. ಬೀಗ ಹೊಂದದಿದ್ದರೆ ಪ್ಲೇಯರು ಪರದೆಯ ಮೇಲೊಂದು ಸೂಚನೆ ತೋರಿಸಿ ಡಿಸ್ಕನ್ನು ಓಡಿಸಲು ಒಪ್ಪುವುದೇ ಇಲ್ಲ. ನಮ್ಮದು ಮನೆಯಲ್ಲಿ ಬರೆದ ಡಿಸ್ಕಾದ್ದರಿಂದ ಅದಕ್ಕೆ ಬೀಗವೇ ಇರಲಿಲ್ಲ. ಮೃದಂಗ, ನಟ್ಟುವಾಂಗ ಎಲ್ಲ ಸ್ಪಷ್ಟವಾಗಿ ಕೇಳಿಸುತ್ತಿದ್ದವು, ಚಿತ್ರವೂ ನಿಂತಿತ್ತು. ಡಿಸ್ಕ್ ಓಡುತ್ತದೆ, ಬಣ್ಣ ಮಾತ್ರ ಇಲ್ಲ ಎಂದರೆ ಅದು ರೀಜನ್ನಿನ ತೊಂದರೆಯಲ್ಲ, ಪಾಲ್ ಮತ್ತು ಎನ್‌ಟಿಎಸ್‌ಸಿ ಎಂಬ ಎರಡು ಬಣ್ಣದ ಪದ್ಧತಿಗಳ ತಕರಾರು.

ಡಿಸ್ಕನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿದೆ. ಗಿಣಿಹಸಿರು ಒಡಲು, ಕುಂಕುಮಗೆಂಪು ಅಂಚು ಎರಡೂ ಕಣ್ಣಿಗೆ ಕಟ್ಟುವಂತೆ ಬಂದವು. ಹಾಗಾದರೆ ಡಿಸ್ಕಿನಲ್ಲಿ ಬಣ್ಣವಿದೆ, ಟಿವಿ ತಲುಪುವ ದಾರಿಯಲ್ಲಿ ಎಲ್ಲಿಯೋ ಕಳೆದುಹೋಗುತ್ತಿದೆ ಎಂದಾಯಿತು.

ಮತ್ತೆ ಟಿವಿಗೆ ಹಾಕಿ, ಈ ಸಲ ಪರದೆಗೆ ಒಂದು ಅಡಿ ದೂರದಲ್ಲಿ ಕೂತು ನೋಡಿದೆ. ಮೂರು ಸಂಗತಿಗಳು ಕಂಡವು. ಒಂದು, ಚಿತ್ರದ ಎತ್ತರ ಸ್ವಲ್ಪ ಕುಗ್ಗಿ ಮೇಲೆ ಮತ್ತು ಕೆಳಗೆ ಕಪ್ಪು ಪಟ್ಟಿ ಉಳಿದಿತ್ತು. ಎರಡು, ಚಿತ್ರ ನಡುಗುತ್ತಿರಲಿಲ್ಲ. ಮೂರನೆಯದೇ ನನಗೆ ಸುಳಿವು ಕೊಟ್ಟದ್ದು: ಸೀರೆಯ ಅಂಚು ಇರಬೇಕಾದ ಕಡೆಯಲ್ಲಿ, ಬೂದು ಬಣ್ಣದ ಮೇಲೆ, ಇರುವೆ ಸಾಲು ಹರಿದ ಹಾಗೆ ಅತಿ ಸಣ್ಣ ಚುಕ್ಕೆಗಳು ಹರಿದಾಡುತ್ತಿದ್ದವು, ಮತ್ತು ಹಿಂದಿನ ಬಿಳಿಯ ಪರದೆಯ ಮೇಲೆ ಅವು ಇರಲಿಲ್ಲ. ಕಡು ಬಣ್ಣವಿದ್ದ ಕಡೆಯಲ್ಲೆಲ್ಲ ಚುಕ್ಕೆ, ಬಣ್ಣವಿಲ್ಲದ ಕಡೆಯಲ್ಲಿ ಸ್ವಚ್ಛ. ಅಂದರೆ ಬಣ್ಣದ ಸಿಗ್ನಲ್ ತಂತಿಯ ಮೂಲಕ ಟಿವಿಯೊಳಗೆ ಬರುತ್ತಿತ್ತು. ಅದನ್ನು ಓದುವ ಲಿಪಿ ಟಿವಿಗೆ ತಿಳಿದಿರಲಿಲ್ಲ, ಅಷ್ಟೆ.

ಹಳದಿ ತಂತಿಯಲ್ಲಿ ಹೋಗುವ ಕಾಂಪೊಸಿಟ್ ಸಿಗ್ನಲ್ಲಿನಲ್ಲಿ ಚಿತ್ರದ ಬೆಳಕು-ನೆರಳಿನ ಜೊತೆಯಲ್ಲೇ ಬಣ್ಣವನ್ನು ಒಂದು ಉಪವಾಹಕ ತರಂಗದ ಮೇಲೆ ಹೊರಿಸಿ ಕಳಿಸುತ್ತಾರೆ. ಅಮೆರಿಕದಲ್ಲಿ 1953ರಲ್ಲಿ ಒಪ್ಪಿಗೆ ಪಡೆದ ಎನ್‌ಟಿಎಸ್‌ಸಿ ಬಣ್ಣ ಪದ್ಧತಿಯಲ್ಲಿ ಈ ತರಂಗದ ಆವರ್ತನ ಸುಮಾರು 3.58 ಮೆಗಾಹರ್ಟ್ಸ್, ಜರ್ಮನಿಯ ಟೆಲಿಫುಂಕನ್ ಕಂಪನಿಯಲ್ಲಿ ವಾಲ್ಟರ್ ಬ್ರೂಖ್ ರೂಪಿಸಿದ, 1982ರಲ್ಲಿ ದೂರದರ್ಶನದ ಬಣ್ಣದ ಪ್ರಸಾರದೊಂದಿಗೆ ನಮ್ಮಲ್ಲಿಗೂ ಬಂದ ಪಾಲ್ ಪದ್ಧತಿಯಲ್ಲಿ ಅದು 4.43 ಮೆಗಾಹರ್ಟ್ಸ್. ಪ್ರತಿ ಗೆರೆಯ ಆರಂಭದಲ್ಲಿ ಆ ತರಂಗದ ಒಂದು ತುಣುಕನ್ನು ಗುರುತಿಗಾಗಿ ಇಟ್ಟಿರುತ್ತಾರೆ. ಟಿವಿ ತನಗೆ ಪರಿಚಯವಿರುವ ತುಣುಕನ್ನು ಕಾಣದಿದ್ದರೆ, ಇದು ಕಪ್ಪು-ಬಿಳುಪಿನ ಪ್ರಸಾರವೇ ಇರಬೇಕೆಂದು ತಿಳಿದು ಬಣ್ಣದ ಭಾಗವನ್ನು ಪೂರ್ತಿ ಮುಚ್ಚಿಬಿಡುತ್ತದೆ. ಈ ಕೆಲಸ ಮಾಡುವ ಸರ್ಕ್ಯೂಟಿಗೆ ‘ಕಲರ್ ಕಿಲ್ಲರ್’ ಎಂದೇ ಹೆಸರು. ಪಾಠದಲ್ಲಿ ಎಷ್ಟೋ ಸಲ ಅದರ ಚಿತ್ರ ಬರೆಸಿದ್ದೆ, ಮನೆಯಲ್ಲಿ ಅದು ಕೆಲಸ ಮಾಡುವುದನ್ನು ನೋಡಿದ್ದು ಅದೇ ಮೊದಲು. ಇನ್ನು ಗೆರೆಗಳ ವಿಷಯ: ಪಾಲ್‌ನಲ್ಲಿ 625 ಗೆರೆ, ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಕ್ಕೆ ಓಟ, ಎನ್‌ಟಿಎಸ್‌ಸಿಯಲ್ಲಿ 525 ಗೆರೆ, ಹೆಚ್ಚುಕಡಿಮೆ 60 ಸಲ. ಓಟದ ಅವಧಿ ಕಡಿಮೆಯಾದದ್ದರಿಂದಲೇ ನಮ್ಮ ಚಿತ್ರ ಕುಳ್ಳಗಾಗಿತ್ತು.

ಡಿಸ್ಕಿನ ಮೇಲೆ 3.58 ಆಗಲಿ 4.43 ಆಗಲಿ ಇರುವುದಿಲ್ಲ ಎಂಬುದು ಬಹಳ ಜನರಿಗೆ ಹೊಳೆಯದ ಸಂಗತಿ. ನನಗೂ ಆ ಸಂಜೆಯವರೆಗೆ ಹೊಳೆದಿರಲಿಲ್ಲ. ‘ಎನ್‌ಟಿಎಸ್‌ಸಿ ಡಿವಿಡಿ’ ಎಂದರೆ 720 ಅಡ್ಡ, 480 ಉದ್ದದ ಚುಕ್ಕಿಗಳ ಚಿತ್ರಗಳು ಸೆಕೆಂಡಿಗೆ 29.97ರಂತೆ, ‘ಪಾಲ್ ಡಿವಿಡಿ’ ಎಂದರೆ 720 ಅಡ್ಡ, 576 ಉದ್ದ, ಸೆಕೆಂಡಿಗೆ 25. ಬಣ್ಣ ಎರಡರಲ್ಲೂ ಒಂದೇ ರೀತಿಯಲ್ಲಿ ಅಂಕಿಗಳಾಗಿ ಕೂತಿರುತ್ತದೆ. ಆ ಅಂಕಿಗಳನ್ನು ಓದಿ, ಯಾವ ತರಂಗದ ಮೇಲೆ ಹೊರಿಸಬೇಕೆಂದು ನಿರ್ಧರಿಸುವುದು ಪ್ಲೇಯರು. ಹೀಗಿರುವಾಗ ಟಿವಿಯನ್ನು ಬದಲಿಸುವ ಅಗತ್ಯವೂ ಇಲ್ಲ, ತಂಗಿಗೆ ಇನ್ನೊಂದು ಡಿಸ್ಕ್ ಮಾಡಿಸಿ ಕಳಿಸು ಎನ್ನುವ ಅಗತ್ಯವೂ ಇಲ್ಲ. ಪ್ಲೇಯರಿಗೆ ಬುದ್ಧಿ ಹೇಳಿದರೆ ಸಾಕು.

ಮನೆಯ ಪ್ಲೇಯರು ಬುದ್ಧಿ ಹೇಳಿಸಿಕೊಳ್ಳುವ ಜಾತಿಯದಾಗಿರಲಿಲ್ಲ. ಅದರ ಸೆಟಪ್ಪಿನಲ್ಲಿ ಭಾಷೆ, ಪರದೆಯ ಆಕಾರ, ಮಕ್ಕಳ ಬೀಗ ಎಲ್ಲ ಇದ್ದವು, ಬಣ್ಣ ಪದ್ಧತಿಯ ಆಯ್ಕೆ ಇರಲಿಲ್ಲ. ಡಿಸ್ಕಿನಲ್ಲಿ ಏನಿದೆಯೋ ಅದಕ್ಕೆ ತಕ್ಕ ಸಿಗ್ನಲ್ಲನ್ನೇ ಹೊರಕ್ಕೆ ಬಿಡುತ್ತಿತ್ತು. ಪರಿಚಯದ ಟಿವಿ ಮೆಕ್ಯಾನಿಕ್ ಒಬ್ಬರು ಬಂದು, ಒಳಗೆ 3.58ರ ಕ್ರಿಸ್ಟಲ್ ಒಂದನ್ನು ಸೇರಿಸಿದರೆ ಕೆಲವು ಸೆಟ್ಟುಗಳು ಎರಡೂ ಪದ್ಧತಿಯನ್ನು ಹಿಡಿಯುತ್ತವೆ ಎಂದು ಹಿಂಬದಿ ಬಿಚ್ಚಿ ನೋಡಿದರು. ನಮ್ಮ ಸೆಟ್ಟಿನ ಬಣ್ಣದ ಐಸಿ ಪಾಲ್ ಒಂದಕ್ಕೇ ಮಾಡಿದ್ದು. ಅಲ್ಲಿಗೆ ಅದನ್ನು ಬಿಟ್ಟೆವು.

ಬೆಂಗಳೂರಿಗೆ ಮರಳಿದ ಮೇಲೆ ಎಸ್.ಪಿ. ರೋಡಿಗೆ ಹೋದೆ. ಎರಡು ಸಾವಿರಕ್ಕಿಂತ ಕಡಿಮೆ ಬೆಲೆಯ, ಹೆಸರು ಕೇಳಿರದ ಚೀನಾ ಪ್ಲೇಯರುಗಳು ಅಲ್ಲಿ ರಾಶಿಯಾಗಿದ್ದವು. ಬೆಲೆಬಾಳುವ ಪ್ಲೇಯರಿನಲ್ಲಿ ಸಿಗದ ಆಯ್ಕೆಗಳು ಈ ಅಗ್ಗದವುಗಳಲ್ಲಿ ಸಿಗುತ್ತವೆ ಎಂಬುದು ಆ ಕಾಲದ ಒಂದು ವಿಚಿತ್ರ. ಒಂದೇ ಮಾದರಿಯನ್ನು ಎಲ್ಲ ದೇಶಗಳಿಗೂ ಮಾರುವವರಿಗೆ ಎಲ್ಲ ಪದ್ಧತಿಗಳನ್ನೂ ಒಳಗೇ ತುಂಬುವುದು ಸುಲಭವಿರಬೇಕು. ಡಿಸ್ಕನ್ನು ಜೇಬಿನಲ್ಲಿಟ್ಟುಕೊಂಡೇ ಹೋಗಿದ್ದ ನಾನು, ಅಂಗಡಿಯವರ ಬಳಿಯಿದ್ದ ಹಳೆಯ ಪಾಲ್ ಟಿವಿಗೆ ಒಂದೊಂದನ್ನೇ ಜೋಡಿಸಿ ನೋಡಿದೆ. ಮೂರನೆಯ ಪ್ಲೇಯರಿನ ಸೆಟಪ್ಪಿನಲ್ಲಿ ‘ಟಿವಿ ಟೈಪ್’ ಎಂಬ ಸಾಲು, ಅದರ ಅಡಿಯಲ್ಲಿ ಆಟೋ, ಎನ್‌ಟಿಎಸ್‌ಸಿ, ಪಾಲ್, ಪಾಲ್-60 ಎಂಬ ನಾಲ್ಕು ಆಯ್ಕೆಗಳು ಸಿಕ್ಕವು. ಡಿಸ್ಕ್ ಓಡುತ್ತಿರುವಾಗ ಆ ಸಾಲು ಮಸುಕಾಗಿ ಕೂತಿರುತ್ತದೆ. ಸ್ಟಾಪ್ ಗುಂಡಿಯನ್ನು ಎರಡು ಸಲ ಒತ್ತಿ ಪೂರ್ತಿ ನಿಲ್ಲಿಸಿದ ಮೇಲೇ ಅದು ಕೈಗೆ ಸಿಗುವುದು. ಇದು ತಿಳಿಯದೆ, ಮೊದಲು ನೋಡಿದ ಎರಡರಲ್ಲಿ ಒಂದನ್ನು ನಾನು ಸುಮ್ಮನೆ ತಿರಸ್ಕರಿಸಿರಬಹುದು.

ಶಿವಮೊಗ್ಗದಲ್ಲಿ ‘ಪಾಲ್’ ಆರಿಸಿ ಹಾಕಿದಾಗ ಬಣ್ಣ ಬಂತು. ಚಿತ್ರ ಪರದೆಯ ತುಂಬ ಹರಡಿತು. ಅಮ್ಮ ಹತ್ತಿರ ಹೋಗಿ ನೋಡಿ, ದೀಪದ ಬೆಳಕಿಗೆ ಹಸಿರು ಸ್ವಲ್ಪ ಹಳದಿ ತಿರುಗಿದೆ ಎಂದರು. ಆ ದೋಷ ಸಭಾಂಗಣದ ದೀಪಗಳದೇ ಹೊರತು ಪ್ಲೇಯರಿನದಲ್ಲ. ಲ್ಯಾಪ್‌ಟಾಪಿನಲ್ಲೂ ಹಾಗೆಯೇ ಇತ್ತು. ಆದರೆ ಜತಿಸ್ವರ ಆರಂಭವಾದ ಮೇಲೆ ನನಗೊಂದು ಇರುಸುಮುರುಸು ಕಾಣತೊಡಗಿತು. ಕೈ ವೇಗವಾಗಿ ಬೀಸಿದಾಗ ಅದು ಹರಿಯುವ ಬದಲು ತುಣುಕು ತುಣುಕಾಗಿ ಜಿಗಿಯುತ್ತಿತ್ತು. ಮೃದಂಗದ ಪೆಟ್ಟು ಬಿದ್ದ ಗಳಿಗೆಗೆ ಪಾದ ನೆಲ ಮುಟ್ಟಿದ್ದು ಕೆಲವು ಸಲ ಕಾಣುತ್ತಲೇ ಇರಲಿಲ್ಲ. ಸೆಕೆಂಡಿಗೆ 30ರಷ್ಟಿರುವ ಚಿತ್ರಗಳನ್ನು 25ಕ್ಕೆ ಇಳಿಸುವುದಕ್ಕಾಗಿ ಪ್ಲೇಯರು ಹೆಚ್ಚುಕಡಿಮೆ ಆರಕ್ಕೊಂದರಂತೆ ಚಿತ್ರವನ್ನು ಎಸೆಯುತ್ತದೆ. ಕೂತು ಮಾತಾಡುವವರ ಚಿತ್ರದಲ್ಲಿ ಇದು ಯಾರ ಗಮನಕ್ಕೂ ಬಾರದು, ಪದದ ಅಭಿನಯದಲ್ಲೂ ಬಾರದು; ತಿಲ್ಲಾನದಲ್ಲಿ ಬಂದೇ ಬರುತ್ತದೆ.

ಆಗ ‘ಪಾಲ್-60’ಕ್ಕೆ ಬದಲಿಸಿದೆ. ಇದೊಂದು ಮಿಶ್ರ ಸಿಗ್ನಲ್: ಗೆರೆಗಳು 525, ಓಟ 60 ಸಲ, ಎಲ್ಲವೂ ಅಮೆರಿಕದ ಲೆಕ್ಕ, ಬಣ್ಣ ಮಾತ್ರ ಪಾಲ್ ರೀತಿಯಲ್ಲಿ 4.43ರ ಮೇಲೆ. ಯಾವ ಪ್ರಸಾರಕೇಂದ್ರವೂ ಇದನ್ನು ಬಳಸುವುದಿಲ್ಲ, ಪ್ಲೇಯರು ಮತ್ತು ಟಿವಿಯ ನಡುವಿನ ಮೂರಡಿ ತಂತಿಗೆಂದೇ ಹುಟ್ಟಿದ ಪದ್ಧತಿ ಇದು. ನಮ್ಮ ಟಿವಿ ಕಪ್ಪು-ಬಿಳುಪಿನಲ್ಲಿಯೇ 60ರ ಓಟವನ್ನು ಅಲುಗಾಡದೆ ಹಿಡಿದಿತ್ತಾದ್ದರಿಂದ ಇದೂ ನಡೆಯುತ್ತದೆಂಬ ಧೈರ್ಯವಿತ್ತು, ನಡೆಯಿತು ಕೂಡ. ಚಿತ್ರ ಒಂದೂ ಕಳೆದುಹೋಗದೆ ಹೆಜ್ಜೆ ತಾಳಕ್ಕೆ ಸರಿಯಾಗಿ ಕೂತಿತು. ಮೇಲೆ ಕೆಳಗಿನ ಕಪ್ಪು ಪಟ್ಟಿ ಮಾತ್ರ ವಾಪಸು ಬಂತು. ಟಿವಿಯೊಳಗಿನ ಎತ್ತರದ ಪ್ರಿಸೆಟ್ಟನ್ನು ತಿರುಗಿಸಿದರೆ ಅದು ಹೋಗುತ್ತದೆ, ಆದರೆ ಆಮೇಲೆ ನಮ್ಮ ಧಾರಾವಾಹಿಗಳೆಲ್ಲ ಉದ್ದುದ್ದ ಕಾಣುತ್ತವೆ. ಪಿಕ್ಚರ್ ಟ್ಯೂಬಿನ ಪಕ್ಕ ಕೈ ಹಾಕುವುದು ಅಪಾಯವೂ ಹೌದು. ಪಟ್ಟಿ ಇದ್ದರೆ ಇರಲಿ ಎಂದು ಅಮ್ಮನೇ ತೀರ್ಪು ಕೊಟ್ಟರು. ನನ್ನನ್ನು ಕೇಳಿದರೆ, ನೃತ್ಯ, ಆಟೋಟಗಳಂಥ ವೇಗದ ಚಿತ್ರಕ್ಕೆ ಪಾಲ್-60, ಉಳಿದದ್ದಕ್ಕೆ ಪಾಲ್. 60ರ ಓಟಕ್ಕೆ ಚಿತ್ರ ಉರುಳುವ ಟಿವಿಯಾದರೆ ಎಲ್ಲದಕ್ಕೂ ಪಾಲ್ ಒಂದೇ ಗತಿ.

ಕಂಪ್ಯೂಟರಿನಲ್ಲಿ ಡಿಸ್ಕನ್ನೇ ಪಾಲ್‌ಗೆ ಮಾರ್ಪಡಿಸುವ ಪ್ರಯತ್ನವನ್ನೂ ಮಾಡಿದ್ದೆ. ಇಡೀ ರಾತ್ರಿ ಓಡಿಸಿದ ಮೇಲೆ ಬಂದ ಚಿತ್ರದಲ್ಲಿ, ಕೈಯಾಡಿಸಿದ ಕಡೆಯಲ್ಲೆಲ್ಲ ಅಂಚುಗಳು ಬಾಚಣಿಗೆಯ ಹಲ್ಲಿನಂತೆ ಒಡೆದಿದ್ದವು. ಕ್ಯಾಮ್‌ಕಾರ್ಡರಿನ ಪ್ರತಿ ಚಿತ್ರವೂ ಬೇರೆ ಬೇರೆ ಗಳಿಗೆಯಲ್ಲಿ ಹಿಡಿದ ಎರಡು ಅರ್ಧಗಳ ಹೆಣಿಗೆ. ಬೆಸ ಗೆರೆಗಳೊಂದು, ಸಮ ಗೆರೆಗಳೊಂದು. ಆ ಹೆಣಿಗೆಯನ್ನು ಬಿಡಿಸದೆ 480 ಗೆರೆಗಳನ್ನು 576ಕ್ಕೆ ಎಳೆದರೆ ಎರಡೂ ಅರ್ಧಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಅರ್ಧಗಳನ್ನು ಬೇರ್ಪಡಿಸಿ, ಎಳೆದು, ಸೆಕೆಂಡಿಗೆ 50ಕ್ಕಿಳಿಸಿ, ಮತ್ತೆ ಹೆಣೆದಾಗ ಎರಡನೆಯ ರಾತ್ರಿಗೆ ಸರಿಯಾದದ್ದು ಬಂತು. ಆದರೂ ಪಾಲ್-60ರ ಮುಂದೆ ಅದು ಸಪ್ಪೆ.

ಮರುವರ್ಷ ಜನವರಿಯ ಕೊನೆಗೆ ಅಪ್ಪನ ಭೀಮರಥ ಶಾಂತಿಗೆಂದು ಬಂದ ತಂಗಿ, ಅದೇ ಮಾದರಿಯ ಪ್ಲೇಯರನ್ನು ತನಗೂ ಒಂದು ಕೊಂಡು ಒಯ್ದಳು. ಸಮಾರಂಭದ ಡಿವಿಡಿ ಇಲ್ಲಿಯ ವೀಡಿಯೊದವರು ಮಾಡಿದ್ದರಿಂದ ಅದು ಪಾಲ್, ಅವಳ ಟಿವಿ ಎನ್‌ಟಿಎಸ್‌ಸಿ. ಪ್ಲೇಯರಿನ ಬೆನ್ನ ಮೇಲೆ 110ರಿಂದ 240 ವೋಲ್ಟ್ ಎಂದು ಬರೆದಿರುವುದನ್ನು ಖಚಿತಪಡಿಸಿಕೊಂಡೆ, ಪ್ಲಗ್ಗಿಗೆ ಅಡಾಪ್ಟರ್ ಕೊಡಿಸಿದೆ. ಸೆಟಪ್ಪನ್ನು ಇಲ್ಲಿಯೇ ಎನ್‌ಟಿಎಸ್‌ಸಿಗೆ ಬದಲಿಸಿ ಕಳಿಸಲು ಮರೆತೆ.

ಫೆಬ್ರವರಿಯ ಒಂದು ದಿನ ಬೆಳಗ್ಗೆ ಏಳಕ್ಕೆ, ಅಲ್ಲಿ ಹಿಂದಿನ ಸಂಜೆ ಐದೂವರೆಗೆ, ಫೋನು ಬಂತು. “ಅಣ್ಣಾ, ಬಣ್ಣ ಹಾಳಾಗಿ ಹೋಗ್ಲಿ, ಚಿತ್ರನೇ ಮೇಲಕ್ಕೆ ಓಡ್ತಾ ಇದೆ. ಮೆನುನೂ ಓದಕ್ಕಾಗ್ತಿಲ್ಲ.” ಅವಳ ಟಿವಿಗೆ 50ರ ಓಟ ಹಿಡಿತಕ್ಕೆ ಸಿಗುತ್ತಿರಲಿಲ್ಲ, ಆದ್ದರಿಂದ ಬದಲಿಸಬೇಕಾದ ಪಟ್ಟಿಯೇ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ನನ್ನ ಪ್ಲೇಯರನ್ನು ಮುಂದಿಟ್ಟುಕೊಂಡು, ಅವಳಿಗೆ ಡಿಸ್ಕ್ ಹೊರಗೆ ತೆಗೆಯಲು ಹೇಳಿ, ಇಬ್ಬರೂ ಒಟ್ಟಿಗೇ ಗುಂಡಿ ಒತ್ತುತ್ತಾ ಹೋದೆವು: ಸೆಟಪ್, ಬಲಕ್ಕೆ ಎರಡು, ಕೆಳಕ್ಕೆ ಒಂದು, ಎಂಟರ್, ಮೇಲಕ್ಕೆ ಒಂದು, ಎಂಟರ್. ಮೊದಲ ಸಲ ಅವಳು ಒಂದು ಗುಂಡಿಯನ್ನು ಎರಡು ಸಲ ಒತ್ತಿ ಮೆನುವಿನ ಭಾಷೆ ಬದಲಾಯಿತು. ಎರಡನೆಯ ಸಲ “ನಿಂತಿತು, ನಿಂತಿತು” ಎಂದಳು. ಅಪ್ಪನ ಕೆಂಪು ಶಾಲು ಕೆಂಪಾಗಿಯೇ ಕಂಡಿತಂತೆ. ಇಲ್ಲಿ 25ನ್ನು 30ಕ್ಕೆ ಏರಿಸಲು ಪ್ಲೇಯರು ಕೆಲವು ಚಿತ್ರಗಳನ್ನು ಎರಡು ಸಲ ತೋರಿಸುತ್ತದೆ. ಹೋಮದ ಮುಂದೆ ಕೂತವರ ಚಿತ್ರವಾದ್ದರಿಂದ ಅದು ಯಾರಿಗೂ ತಿಳಿಯಲಿಲ್ಲ.

ಫೋನು ಇಟ್ಟ ಮೇಲೆ ರಿಮೋಟನ್ನು ತಿರುಗಿಸಿ ನೋಡುವಾಗ, ಕೊನೆಯ ಸಾಲಿನ ಬಲತುದಿಯಲ್ಲಿ ‘ಎನ್/ಪಿ’ ಎಂಬ ಸಣ್ಣ ಗುಂಡಿ ಕಣ್ಣಿಗೆ ಬಿತ್ತು. ಒತ್ತಿದೆ, ಪಟ್ಟಿ ತೆರೆಯದೆಯೇ ಪದ್ಧತಿ ಬದಲಾಯಿತು. ಆ ಗುಂಡಿಯ ವಿಷಯವನ್ನು ತಂಗಿಗೆ ನಾನು ಹೇಳಿದ್ದು ಮುಂದಿನ ಬೇಸಿಗೆಯಲ್ಲಿ.