ಕಳೆದುಹೋದ ಪಲೇಡಿಯಂ ಡಕ್ಟಿನಲ್ಲಿತ್ತು

ನಮ್ಮೂರು ಅಕ್ಕಲಕೋಟೆ ಕಡೆ. ಕೆಲಸ ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ. ಔಷಧ ಕಂಪನಿಗಳು ಬಳಸಿ ಬಿಟ್ಟ ಕ್ಯಾಟಲಿಸ್ಟಿನಿಂದ, ಅಂದರೆ ರಾಸಾಯನಿಕ ಕ್ರಿಯೆ ಬೇಗ ನಡೆಸುವ ಪುಡಿಯಿಂದ, ಪಲೇಡಿಯಂ ಎಂಬ ದುಬಾರಿ ಲೋಹ ತೆಗೆಯುತ್ತೇನೆ. ಮನೆಯಲ್ಲಿ ಕೇಳಿದರೆ ‘ಇದ್ದಿಲು ಸುಡ್ತಾನ’ ಅಂತಾರೆ. ಅದೂ ಸುಳ್ಳಲ್ಲ ಬಿಡಿ.

ಬರುವ ಮಾಲು ಇದ್ದಿಲ ಪುಡಿಯೇ, ಮೇಲೆ ಲೋಹ ಕೂತಿರುತ್ತದೆ. ಒಣ ಪುಡಿಯಲ್ಲಿ 5 ಪರ್ಸೆಂಟ್ ಲೋಹ ಇರುವ ಮಾಲು, ಅದರಲ್ಲಿ ಅರ್ಧ ತೂಕ ನೀರು ಅಂತಿಟ್ಟುಕೊಳ್ಳಿ. 40 ಕಿಲೋ ಕೇಕಿನಲ್ಲಿ (ಹಸಿ ಮುದ್ದೆಗೆ ನಾವು ಹಾಗಂತೀವಿ), ಕಾಗದದ ಲೆಕ್ಕಕ್ಕೆ, 1 ಕಿಲೋ ಪಲೇಡಿಯಂ.

ಡ್ರಮ್ ತೆರೆದ ಕೂಡಲೇ ನಾನು ನೋಡುವುದು ಕೇಕು ಹಸಿ ಇದೆಯಾ ಅಂತ. ಒಣಗಿದ್ದರೆ ಗಾಳಿ ತಾಗಿ ತಾನೇ ಹೊತ್ತಿಕೊಳ್ಳುತ್ತದೆ. ಸೊಲ್ಲಾಪುರದ ಮೇ ಬಿಸಿಲು ಗೊತ್ತಲ್ವಾ? ಒಮ್ಮೆ ಅಂಚಿಗೆ ಅಂಟಿದ್ದ ಫಿಲ್ಟರ್ ಬಟ್ಟೆಯ ಚೂರು ಒಣಗಿತ್ತು. ಎಳೆದೆ ಅಷ್ಟೇ, ಬೀಡಿ ತುದಿಯ ಹಾಗೆ ಕೆಂಡದ ಗೆರೆ ಹರಿಯಿತು. ಸದ್ದೇ ಇಲ್ಲ. ಪಕ್ಕದಲ್ಲಿದ್ದ ಕಾಕಾ ನೀರು ಸುರಿದು, ‘ತಮ್ಮಾ, ಇದರಾಗ ಬೆಂಕಿ ಹಿಡಿಯೋ ಮೆಥನಾಲ್ ಅದ, ಆಟ ಆಡಬ್ಯಾಡ’ ಅಂದರು.

ಮೊದಲ ವರ್ಷ ಲೋಹ ಲೆಕ್ಕಕ್ಕಿಂತ ಕಡಿಮೆಯೇ ಬರುತ್ತಿತ್ತು. ಇದ್ದಿಲು ಸುಟ್ಟ ಬೂದಿಯ ಲೋಹ ಆಸಿಡ್‌ನಲ್ಲಿ ಸರಿಯಾಗಿ ಕರಗುತ್ತಿಲ್ಲ ಅಂತ ಮೂರು ವಾರ ಸುಮ್ನೆ ಆಸಿಡ್ ಹಿಂದೆ ಬಿದ್ದೆ. ಕೊನೆಗೆ ಬೇಜಾರಾಗಿ ಭಟ್ಟಿಯ ಡಕ್ಟ್, ಅಂದರೆ ಹೊಗೆ ಹೋಗುವ ಕೊಳವೆ, ಬಿಚ್ಚಿದೆ. ಒಳಗೆಲ್ಲ ಮೆತ್ತನೆಯ ಮಸಿ. ಕೆರೆದು ಪರೀಕ್ಷೆ ಮಾಡಿದರೆ ನಮ್ಮ ಪಲೇಡಿಯಂ ಅಲ್ಲಿತ್ತು! ಬೇಗ ಸುಡಲಿ ಅಂತ ಬ್ಲೋವರ್ ಜೋರಾಗಿಟ್ಟು ನಾವೇ ಪುಡಿ ಹಾರಿಸಿದ್ದೆವು. ಈಗ ಟ್ರೇಯಲ್ಲಿ ಎರಡು ಬೆರಳು ದಪ್ಪಕ್ಕೆ ಹರಡುತ್ತೇವೆ. ಬ್ಲೋವರ್ ಸಣ್ಣಗೆ. ಉರಿ ಏಳಬಾರದು, ಕೆಂಡವಾಗಿಯೇ ಬೂದಿಯಾಗಬೇಕು. ಜಾಸ್ತಿ ಹೊತ್ತು ಹಿಡಿಯುತ್ತದೆ, ಹಿಡಿಯಲಿ.

ಬೂದಿಯನ್ನು ಮೊದಲು ಫಾರ್ಮಿಕ್ ಆಸಿಡ್‌ನಲ್ಲಿ ಕಾಯಿಸಿ ಪಲೇಡಿಯಂ ಅನ್ನು ಮತ್ತೆ ಲೋಹ ಮಾಡಬೇಕು. ಸುಡುವಾಗ ಆಕ್ಸೈಡ್ ಆದ ಪಲೇಡಿಯಂ ಆಕ್ವಾ ರೀಜಿಯಾಕ್ಕೂ ಸುಲಭಕ್ಕೆ ಜಗ್ಗುವುದಿಲ್ಲ. ಆಮೇಲೆ ಆ ಆಕ್ವಾ ರೀಜಿಯಾದಲ್ಲಿ ಕರಗಿಸುವುದು: ಮೂರು ಪಾಲು ಹೈಡ್ರೋಕ್ಲೋರಿಕ್ ಆಸಿಡ್, ಒಂದು ಪಾಲು ನೈಟ್ರಿಕ್ ಆಸಿಡ್. ಕಂದು ಹೊಗೆ ಏಳುತ್ತದೆ, ಹೊಗೆ ತೊಳೆಯುವ ಸ್ಕ್ರಬ್ಬರ್ ಓಡದಿದ್ದರೆ ಈ ಕೆಲಸಕ್ಕೆ ಕೈ ಹಾಕಲೇಬಾರದು. ಕಾಯಿಸಿ ನೈಟ್ರಿಕ್ ಓಡಿಸಿ ಅಮೋನಿಯಾ ಹಾಕಿದರೆ ಮೊದಲು ಗುಲಾಬಿ ಗಸಿ, ಇನ್ನಷ್ಟು ಹಾಕಿದರೆ ಅದೂ ಕರಗುತ್ತದೆ. ಸೋಸಿ, ಹೈಡ್ರೋಕ್ಲೋರಿಕ್ ಹನಿ ಹನಿಯಾಗಿ ಬಿಟ್ಟಾಗ ಬೀಕರಿನ ತಳದಲ್ಲಿ ಅರಿಶಿನ ಕಲಸಿಟ್ಟ ಹಾಗೆ ಹಳದಿ ಕೂರುತ್ತದೆ. ಎಷ್ಟು ಸಲ ನೋಡಿದರೂ ನನಗೆ ಅದು ಖುಷಿಯೇ. ಅದನ್ನು ತೊಳೆದು ಹೈಡ್ರಜೀನ್ ಹಾಕಿದರೆ ಲೋಹದ ಕರಿ ಪುಡಿ.

ಡಕ್ಟನ್ನು ಈಗಲೂ ತಿಂಗಳಿಗೊಮ್ಮೆ ಕೆರೆಯುತ್ತೇನೆ. ಹೋದ ಸಲ ಒಂದು ಲೋಟದಷ್ಟು ಮಸಿ ಸಿಕ್ಕಿತು. ನೀರು ಚಿಮುಕಿಸಿ ಮುಂದಿನ ಟ್ರೇಗೆ ಸೇರಿಸಿದೆ.